ದೂತನ ಮಾತು: ವಿದೇಶಾಂಗ ಖಾತೆ ಮಾಡುವ ಕೆಲಸವೇನು?

ಸಂಜೆಯ ವಾರ್ತೆಗೆಂದು ರೇಡಿಯೋ ಮುಂದೆ ಕುಳಿತಾಗ ಒಂದು ವಾಕ್ಯ ಮೇಲಿಂದ ಮೇಲೆ ನಿಮ್ಮ ಕಿವಿಗೆ ಬೀಳುತ್ತದೆ: “ವಿದೇಶಾಂಗ ಖಾತೆಯ ವಕ್ತಾರರು ಹೀಗೆಂದು ತಿಳಿಸಿದರು.” ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬರುತ್ತದೆ, ಇಲ್ಲವೆ ಮಳೆ ಬೆಳೆಯ ಸುದ್ದಿ ಬರುತ್ತದೆ, ವಕ್ತಾರರ ಮಾತು ಮರೆತುಹೋಗುತ್ತದೆ. ರೈಲ್ವೆ ಖಾತೆಯ ಕೆಲಸ ನಮಗೆಲ್ಲ ಗೊತ್ತು. ಗಾಡಿ ತಡವಾದರೆ ಯಾರನ್ನು ಬೈಯಬೇಕೆಂಬುದೂ ಗೊತ್ತು. ಅಂಚೆಯವನು ಬಾಗಿಲಿಗೇ ಬರುತ್ತಾನೆ. ಕಂದಾಯದವರನ್ನು ಮರೆಯೋಣವೆಂದರೂ ಅವರು ನಮ್ಮನ್ನು ಮರೆಯುವುದಿಲ್ಲ. ಆದರೆ ಈ ವಿದೇಶಾಂಗ ಖಾತೆ? ಅದು ರಸ್ತೆ ಹಾಕುವುದಿಲ್ಲ, ಕೆರೆ ಕಟ್ಟುವುದಿಲ್ಲ, ಸುಂಕ ಎತ್ತುವುದಿಲ್ಲ. ಔತಣ, ಹಸ್ತಲಾಘವ, ಹೂವಿನ ಹಾರ, ಛಾಯಾಚಿತ್ರ ಇಷ್ಟೇ ಅದರ ಕೆಲಸವೆಂದು ನಗುವವರೂ ಉಂಟು. ನಿಜವಾಗಿ ಅದು ಮಾಡುವುದೇನು? ಅದು ಚೆನ್ನಾಗಿ ನಡೆದರೆ ನಮಗೇನು ಲಾಭ, ಕೆಟ್ಟರೆ ಏನು ನಷ್ಟ?

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂದು ನಮ್ಮಲ್ಲಿ ಗಾದೆ. ವಿದೇಶಾಂಗ ಖಾತೆಯೆಂದರೆ ಮಾತು ಬಲ್ಲವರ ಖಾತೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಮಾತಾಡುವುದಕ್ಕೆ ಮುಂಚೆ ಕೇಳಿಸಿಕೊಳ್ಳಬೇಕು. ಕೇಳಿದ್ದನ್ನು ಕೂಡಿಸದೆ ಕಳೆಯದೆ ಮುಟ್ಟಿಸಬೇಕು. ಮುಟ್ಟಿದ್ದನ್ನು ತೂಗಿ ನೋಡಬೇಕು. ಈ ಮೂರು ಕೆಲಸಗಳಲ್ಲಿ ಒಂದು ತಪ್ಪಿದರೂ ಎಂಥ ಅನಾಹುತವಾದೀತೆಂಬುದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ಸಾಕ್ಷಿಗಳಿವೆ. ಅದರಲ್ಲಿ ಒಂದನ್ನು, ೧೯೫೦ರ ಒಂದು ನಡುರಾತ್ರಿಯ ಸಂಗತಿಯನ್ನು, ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತೇನೆ. ಅದಕ್ಕೆ ಮೊದಲು ಈ ಖಾತೆಯ ಹುಟ್ಟನ್ನು ಸ್ವಲ್ಪ ನೋಡೋಣ.

ದೂತನನ್ನು ಕಳುಹಿಸುವುದು ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೂರು ಬಗೆಯ ದೂತರು ಬರುತ್ತಾರೆ. ಪೂರ್ಣ ಅಧಿಕಾರ ಹೊತ್ತು ಹೋಗುವವನು ನಿಸೃಷ್ಟಾರ್ಥ. ಇಷ್ಟೇ ಮಾತಾಡು ಎಂದು ಗೆರೆ ಎಳೆಸಿಕೊಂಡು ಹೋಗುವವನು ಪರಿಮಿತಾರ್ಥ. ಬರಿಯ ಓಲೆ ಒಯ್ಯುವವನು ಶಾಸನಹರ. ಪ್ರಾಣಕ್ಕೆ ಅಪಾಯವಿದ್ದರೂ ದೂತನು ತನಗೆ ಹೇಳಿಕಳುಹಿಸಿದ ಮಾತನ್ನು ಹೇಳಿದಂತೆಯೇ ಆಡಬೇಕು. ಆಡಿದವನನ್ನು ಎದುರಿನ ಅರಸು ಕೊಲ್ಲಬಾರದು. ಮಾತು ಅವನದಲ್ಲ, ಅವನನ್ನು ಕಳುಹಿಸಿದವನದು. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ‘ಸಂಧಿವಿಗ್ರಹಿ’ ಎಂಬ ಪದವಿ ಪರಿಚಿತ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲೂ ಹೊಯ್ಸಳರ ಆಸ್ಥಾನದಲ್ಲೂ ಈ ಹೆಸರಿನ ದೊಡ್ಡ ಅಧಿಕಾರಿಗಳಿದ್ದರು. ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಯುದ್ಧ. ಎರಡೂ ಒಬ್ಬನ ಕೈಯಲ್ಲಿ. ಹೆಸರಿನಲ್ಲಿ ಸಂಧಿ ಮೊದಲು ಬಂದದ್ದನ್ನು ಗಮನಿಸಿ. ಇನ್ನು ಹೊರಗಿನಿಂದ ಬಂದ ದೂತರ ಮಾತು: ೧೪೪೩ರಲ್ಲಿ ತೈಮೂರನ ಮಗ ಶಾಹರುಖನ ಆಸ್ಥಾನದಿಂದ ಬಂದ ಅಬ್ದುರ್ ರಜಾಕನು ವಿಜಯನಗರವನ್ನು ಕಣ್ಣಾರೆ ಕಂಡು ಬರೆದಿಟ್ಟ ವಿವರಗಳನ್ನು ನಾವು ಇಂದಿಗೂ ಓದುತ್ತೇವೆ. ಕಂಡದ್ದನ್ನು ಬರೆದು ತಿಳಿಸುವುದೂ ದೂತನ ಕೆಲಸವೇ.

ಆದರೆ ಇದಕ್ಕೆಂದೇ ಒಂದು ಕಚೇರಿ, ಅದಕ್ಕೊಬ್ಬ ಮುಖ್ಯಸ್ಥ, ಅಲ್ಲಿ ಕಡತ, ಗುಮಾಸ್ತೆ, ದಫ್ತರಖಾನೆ, ಈ ಏರ್ಪಾಡು ಇತ್ತೀಚಿನದು. ಫ್ರಾನ್ಸಿನಲ್ಲಿ ಮಂತ್ರಿ ರಿಶಲ್ಯೂ ೧೬೨೬ರಲ್ಲಿ ಪರದೇಶದ ವ್ಯವಹಾರಗಳನ್ನೆಲ್ಲ ಒಂದೇ ಕಾರ್ಯದರ್ಶಿಯ ಕೈಗೆ ಒಪ್ಪಿಸಿದ. ಇಂಗ್ಲೆಂಡಿನ ವಿದೇಶಾಂಗ ಕಚೇರಿ ಹುಟ್ಟಿದ್ದು ೧೭೮೨ರಲ್ಲಿ. ಅದರ ಮರುವರ್ಷವೇ, ೧೭೮೩ರ ಸೆಪ್ಟೆಂಬರಿನಲ್ಲಿ, ಕಲ್ಕತ್ತೆಯ ಫೋರ್ಟ್ ವಿಲಿಯಮ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮದೇ ಒಂದು ಇಲಾಖೆ ತೆರೆದರು. ವಾರನ್ ಹೇಸ್ಟಿಂಗ್ಸನ ಮೇಲೆ ಬಿದ್ದಿದ್ದ ಗುಪ್ತ ಮತ್ತು ರಾಜಕೀಯ ಪತ್ರವ್ಯವಹಾರದ ಭಾರ ಇಳಿಸುವುದು ಅದರ ಉದ್ದೇಶ. ಇಂದಿನ ದೆಹಲಿಯ ವಿದೇಶಾಂಗ ಖಾತೆಯ ವಂಶವೃಕ್ಷ ಹಿಂದೆ ಹಿಂದೆ ಹೋಗಿ ಮುಟ್ಟುವುದು ಅಲ್ಲಿಗೇ.

ಕಂಪೆನಿಯ ಈ ಇಲಾಖೆ ಏನು ಮಾಡುತ್ತಿತ್ತೆಂಬುದನ್ನು ಮೈಸೂರಿನ ಕಥೆ ಚೆನ್ನಾಗಿ ತಿಳಿಸುತ್ತದೆ. ಟೀಪೂ ಸುಲ್ತಾನನು ತನ್ನ ರಾಯಭಾರಿಗಳನ್ನು ಕಾನ್‌ಸ್ಟಾಂಟಿನೋಪಲ್ಲಿಗೂ ಫ್ರಾನ್ಸಿಗೂ ಕಳುಹಿಸಿದ್ದ. ೧೭೮೮ರಲ್ಲಿ ಅವನ ಮೂವರು ದೂತರು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಹಡಗಿನ ಪ್ರಯಾಣ, ಕಾಣಿಕೆ, ಸಂಧಾನ ಎಲ್ಲವೂ ಆಯಿತು. ಬೇಡಿದ ಸೈನ್ಯಸಹಾಯ ಮಾತ್ರ ಸಿಗಲಿಲ್ಲ. ಆದರೂ ಶ್ರೀರಂಗಪಟ್ಟಣದಿಂದ ಹೊರಟ ಪತ್ರ ಪ್ಯಾರಿಸನ್ನು ಮುಟ್ಟುವುದು ಸಾಧ್ಯವಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ವರ್ಷ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸುವಾಗ, ಇನ್ನೂ ಐದಾರು ವರ್ಷದ ಆ ಬಾಲಕನ ಹೆಸರಿನಲ್ಲಿ ಕಂಪೆನಿ ಮಾಡಿಸಿಕೊಂಡ ಒಪ್ಪಂದದಲ್ಲಿ ಒಂದು ಷರತ್ತು ಇತ್ತು: ಕಂಪೆನಿಗೆ ಮುಂಚೆ ತಿಳಿಸಿ ಒಪ್ಪಿಗೆ ಪಡೆಯದೆ ಯಾವ ಪರರಾಜ್ಯದೊಡನೆಯೂ ಮಹಾರಾಜರು ಪತ್ರವ್ಯವಹಾರ ಮಾಡಕೂಡದು. ಅರಮನೆ ಉಳಿಯಿತು, ದಸರೆ ಉಳಿಯಿತು, ಸಿಂಹಾಸನ ಉಳಿಯಿತು. ಹೊರಗಿನವರಿಗೊಂದು ಕಾಗದ ಬರೆಯುವ ಹಕ್ಕು ಹೋಯಿತು. ಸ್ವಾತಂತ್ರ್ಯವೆಂದರೇನು ಎಂದು ಯಾರಾದರೂ ಕೇಳಿದರೆ ಈ ಒಂದು ಷರತ್ತನ್ನು ತೋರಿಸಿದರೆ ಸಾಕು. ಮುಂದೆ ಭಾರತದ ದೇಶೀಯ ಸಂಸ್ಥಾನಗಳೆಲ್ಲಕ್ಕೂ ಇದೇ ಗತಿಯಾಯಿತು. ಇನ್ನೊಬ್ಬರ ಬಾಯಿ ಕಟ್ಟುವುದೇ ಕಂಪೆನಿಯ ಆ ಇಲಾಖೆಯ ದೊಡ್ಡ ಕೆಲಸವಾಗಿತ್ತು.

ಕಟ್ಟಿದ ಬಾಯಿ ಬಿಚ್ಚಲು ಒಂದೂವರೆ ಶತಮಾನ ಬೇಕಾಯಿತು. ೧೯೪೬ರ ಸೆಪ್ಟೆಂಬರ್ ೨ರಂದು ಮಧ್ಯಂತರ ಸರ್ಕಾರ ಅಧಿಕಾರ ವಹಿಸಿಕೊಂಡಿತು. ವಿದೇಶ ವ್ಯವಹಾರಗಳ ಹೊಣೆಯನ್ನು ಜವಾಹರಲಾಲ್ ನೆಹರೂ ತಾವೇ ಇಟ್ಟುಕೊಂಡರು. ಐದು ದಿನ ಕಳೆದ ಮೇಲೆ, ಸೆಪ್ಟೆಂಬರ್ ೭ರಂದು, ಅವರು ಆಕಾಶವಾಣಿಯ ಮೂಲಕ ದೇಶಕ್ಕೆ ಮಾತಾಡಿದರು. ಇನ್ನು ಮುಂದೆ ಭಾರತವು ಬೇರೊಂದು ರಾಷ್ಟ್ರದ ನೆರಳಾಗಿ ಅಲ್ಲ, ತನ್ನದೇ ನೀತಿಯುಳ್ಳ ಸ್ವತಂತ್ರ ರಾಷ್ಟ್ರವಾಗಿ ಅಂತರರಾಷ್ಟ್ರೀಯ ಸಭೆಗಳಲ್ಲಿ ಪಾಲುಗೊಳ್ಳುವುದು. ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವ ಬಣಗಳಿಂದ ಸಾಧ್ಯವಾದಷ್ಟೂ ದೂರವಿರುವುದು ಎಂಬುದು ಅಂದಿನ ಭಾಷಣದ ಸಾರ. ಆ ತಿಂಗಳು ಕಳೆದು, ಅಕ್ಟೋಬರಿನಲ್ಲಿ ಭಾರತೀಯ ವಿದೇಶ ಸೇವೆಯನ್ನು ಸ್ಥಾಪಿಸಲು ತೀರ್ಮಾನವಾಯಿತು. ನುರಿತ ಕೈಗಳು ಬಹಳ ಕಡಮೆ. ಐ.ಸಿ.ಎಸ್. ಅಧಿಕಾರಿಗಳು, ಸೈನ್ಯದಲ್ಲಿದ್ದವರು, ಪ್ರಾಧ್ಯಾಪಕರು, ದಿವಾನಗಿರಿ ಮಾಡಿದವರು, ಹೀಗೆ ಸಿಕ್ಕವರನ್ನು ಕೂಡಿಸಿಕೊಂಡು ಹೊಸ ದೇಶದ ವಿದೇಶಾಂಗ ಖಾತೆ ಕಣ್ಣು ಬಿಟ್ಟಿತು. ಸರ್ ಗಿರಿಜಾಶಂಕರ ಬಾಜಪೇಯಿ ಅದರ ಮಹಾಕಾರ್ಯದರ್ಶಿ, ಕೆ.ಪಿ.ಎಸ್. ಮೆನನ್ ಮೊದಲ ವಿದೇಶಾಂಗ ಕಾರ್ಯದರ್ಶಿ.

ಇಂಥ ಖಾತೆಯೂ ಅದರ ರಾಯಭಾರ ಕಚೇರಿಗಳೂ ಮಾಡುವುದೇನೆಂಬುದನ್ನು ೧೯೬೧ರ ವಿಯೆನ್ನಾ ಒಪ್ಪಂದ ಐದು ಬಾಬುಗಳಲ್ಲಿ ಹೇಳಿದೆ. ಪರದೇಶದಲ್ಲಿ ತನ್ನ ದೇಶದ ಪ್ರತಿನಿಧಿಯಾಗಿರುವುದು ಒಂದು. ಅಲ್ಲಿರುವ ತನ್ನ ಪ್ರಜೆಗಳ ಹಿತ ಕಾಯುವುದು ಎರಡು. ಆ ಸರ್ಕಾರದೊಡನೆ ಸಂಧಾನ ನಡೆಸುವುದು ಮೂರು. ನ್ಯಾಯಸಮ್ಮತವಾದ ಮಾರ್ಗಗಳಿಂದ ಅಲ್ಲಿನ ಪರಿಸ್ಥಿತಿ ತಿಳಿದು ತನ್ನ ಸರ್ಕಾರಕ್ಕೆ ವರದಿ ಮಾಡುವುದು ನಾಲ್ಕು. ಎರಡು ದೇಶಗಳ ನಡುವೆ ವ್ಯಾಪಾರ, ವಿದ್ಯೆ, ವಿಜ್ಞಾನಗಳ ನಂಟು ಬೆಳೆಸುವುದು ಐದು. ಎರಡನೆಯ ಬಾಬಿನ ಬೆಲೆ ಮಂಗಳೂರು ಉಡುಪಿಗಳ ಕಡೆಯ ಅನೇಕ ಮನೆಗಳವರಿಗೆ ೧೯೯೦ರಲ್ಲಿ ತಿಳಿಯಿತು. ಆ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈಟಿಗೆ ನುಗ್ಗಿದಾಗ ಅಲ್ಲಿ ಸಿಕ್ಕಿಕೊಂಡ ೧,೭೦,೦೦೦ಕ್ಕೂ ಹೆಚ್ಚು ಭಾರತೀಯರನ್ನು ಎರಡು ತಿಂಗಳ ಅವಧಿಯಲ್ಲಿ, ಬಹುಮಟ್ಟಿಗೆ ಜೋರ್ಡಾನಿನ ಅಮ್ಮಾನ್ ನಗರದ ಮೂಲಕ, ವಿಮಾನಗಳಲ್ಲಿ ಊರಿಗೆ ತಂದರು. ವಿಮಾನ ಹಾರಿಸಿದವರು ಬೇರೆ; ಆದರೆ ಗಡಿ ದಾಟಲು ಬಾಗ್ದಾದಿನ ಒಪ್ಪಿಗೆ, ಅಮ್ಮಾನಿನಲ್ಲಿ ನಿಲ್ಲಲು ಜೋರ್ಡಾನಿನ ಒಪ್ಪಿಗೆ, ಕಾಗದಪತ್ರ ಕಳೆದುಕೊಂಡವರಿಗೆ ಹೊಸ ಪತ್ರ, ಇವೆಲ್ಲ ಮಾತಿನಿಂದಲೇ ಆಗಬೇಕಾದ ಕೆಲಸಗಳು.

ಇವುಗಳಲ್ಲಿ ನಾಲ್ಕನೆಯದು, ತಿಳಿದು ತಿಳಿಸುವುದು, ಹೊರಗೆ ಕಾಣದ ಕೆಲಸ. ಅದರ ಭಾರ ಎಷ್ಟೆಂದು ತಿಳಿಯಲು ಈಗ ಕೊರಿಯಾಕ್ಕೆ ಹೋಗೋಣ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಕೊರಿಯಾವನ್ನು ೩೮ನೆಯ ಅಕ್ಷಾಂಶದ ಗೆರೆಯಲ್ಲಿ ಎರಡು ಹೋಳು ಮಾಡಿದ್ದರು. ಬಡಗಲ ಹೋಳು ರಷ್ಯದ ಆಸರೆಯಲ್ಲಿ, ತೆಂಕಲ ಹೋಳು ಅಮೆರಿಕದ ಆಸರೆಯಲ್ಲಿ ಬೇರೆ ಬೇರೆ ರಾಜ್ಯಗಳಾದವು. ೧೯೫೦ರ ಜೂನ್ ೨೫ರಂದು ಉತ್ತರ ಕೊರಿಯದ ಸೇನೆ ಗೆರೆ ದಾಟಿ ದಕ್ಷಿಣಕ್ಕೆ ನುಗ್ಗಿತು. ಅದೇ ದಿನ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿ ತುರ್ತಾಗಿ ಸೇರಿತು. ಆ ತಿಂಗಳು ಸಮಿತಿಯ ಅಧ್ಯಕ್ಷಪೀಠ ಭಾರತದ ಸರದಿ. ಪೀಠದಲ್ಲಿದ್ದವರು ಮಂಗಳೂರಿನವರಾದ ಸರ್ ಬೆನೆಗಲ್ ನರಸಿಂಗ ರಾಯರು. ೧೮೮೭ರಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಐ.ಸಿ.ಎಸ್. ಸೇರಿ, ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಮೃದುಭಾಷಿ ಅವರು. ಆಕ್ರಮಣವನ್ನು ನಿಲ್ಲಿಸಬೇಕೆಂಬ ಮೊದಲ ನಿರ್ಣಯಕ್ಕೆ ಭಾರತದ ಮತ ಕೊಟ್ಟರು. ಎರಡು ದಿನ ಕಳೆದು ದಕ್ಷಿಣಕ್ಕೆ ಸೈನ್ಯಸಹಾಯ ನೀಡುವ ನಿರ್ಣಯ ಬಂದಾಗ ದೆಹಲಿಯಿಂದ ಅಪ್ಪಣೆ ಬಂದಿರಲಿಲ್ಲ. ಅವರು ಮತದಾನದಲ್ಲಿ ಭಾಗವಹಿಸಲಿಲ್ಲ. ಅಪ್ಪಣೆಯಿಲ್ಲದೆ ದೇಶದ ಹೆಸರಿನಲ್ಲಿ ಮಾತಾಡಕೂಡದೆಂಬ ಕೌಟಿಲ್ಯನ ಕಟ್ಟಳೆ ನ್ಯೂಯಾರ್ಕಿನಲ್ಲೂ ನಡೆಯಿತು. ಮುಂದೆ ದೆಹಲಿ ಆ ನಿರ್ಣಯವನ್ನು ಒಪ್ಪಿತು; ಕಾದಾಡುವ ಪಡೆಯನ್ನು ಮಾತ್ರ ಕಳುಹಿಸಲಿಲ್ಲ, ಸೈನ್ಯದ ವೈದ್ಯರ ತಂಡವೊಂದನ್ನು ಕಳುಹಿಸಿತು.

ಸೆಪ್ಟೆಂಬರ್ ೧೫ರಂದು ಜನರಲ್ ಮೆಕಾರ್ಥರ್ ಇಂಚನ್ ಬಂದರಿನಲ್ಲಿ ಸೈನ್ಯ ಇಳಿಸಿದ ಮೇಲೆ ಯುದ್ಧದ ಗಾಳಿ ತಿರುಗಿತು. ಉತ್ತರದವರು ಓಡತೊಡಗಿದರು. ಈಗ ಬಂದ ಪ್ರಶ್ನೆ ಒಂದೇ: ಅಟ್ಟಿಕೊಂಡು ಹೋಗುವ ಅಮೆರಿಕದ ಸೇನೆ ೩೮ನೆಯ ಗೆರೆಯಲ್ಲಿ ನಿಲ್ಲುವುದೇ, ದಾಟುವುದೇ? ದಾಟಿದರೆ ಚೀನ ಏನು ಮಾಡೀತು? ಚೀನದಲ್ಲಿ ಹೊಸ ಸರ್ಕಾರ ಬಂದು ಒಂದು ವರ್ಷವಾಗಿತ್ತು. ಅಮೆರಿಕ ಆ ಸರ್ಕಾರವನ್ನು ಮನ್ನಿಸಿರಲಿಲ್ಲ. ಪೀಕಿಂಗಿನಲ್ಲಿ, ಅಂದರೆ ಇಂದಿನ ಬೀಜಿಂಗಿನಲ್ಲಿ, ಅದರ ರಾಯಭಾರಿಯಿರಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಭಾರತವಾದರೋ ೧೯೪೯ರ ಡಿಸೆಂಬರ್ ೩೦ರಂದೇ ಹೊಸ ಸರ್ಕಾರವನ್ನು ಮನ್ನಿಸಿತ್ತು. ಸರ್ದಾರ್ ಕೆ.ಎಂ. ಪಣಿಕ್ಕರ್ ಅಲ್ಲಿ ನಮ್ಮ ರಾಯಭಾರಿ. ಊರಿನಲ್ಲಿ ಎರಡು ಮನೆಗಳವರು ಮಾತು ಬಿಟ್ಟಾಗ ಎರಡೂ ಮನೆಗೆ ಹೋಗಿಬರುವ ಹಿರಿಯರೊಬ್ಬರು ಇರುತ್ತಾರಲ್ಲ, ಅಂಥ ಸ್ಥಾನ ಅಂದು ಭಾರತಕ್ಕೆ ಒದಗಿತ್ತು.

ಅಕ್ಟೋಬರ್ ೨ರ ರಾತ್ರಿ. ಪಣಿಕ್ಕರ್ ನಿದ್ದೆಯಲ್ಲಿದ್ದರು. ನಡುರಾತ್ರಿಯಲ್ಲಿ ಮನೆಯ ಆಳು ಬಂದು ಎಬ್ಬಿಸಿದ. ಚೀನದ ವಿದೇಶಾಂಗ ಖಾತೆಯ ಅಧಿಕಾರಿ ನಡುಮನೆಯಲ್ಲಿ ಕುಳಿತಿದ್ದಾರೆ. ಪ್ರಧಾನಿ ಚೌ ಎನ್ ಲಾಯ್ ಈಗಲೇ ಕಾಣಬೇಕೆನ್ನುತ್ತಾರೆ. ಹನ್ನೆರಡೂವರೆಗೆ ಪಣಿಕ್ಕರ್ ಪ್ರಧಾನಿಯ ಮನೆಯಲ್ಲಿದ್ದರು. ಹೊತ್ತಲ್ಲದ ಹೊತ್ತಾದರೂ ಚೌ ಅವರ ಸೌಜನ್ಯದಲ್ಲಿ ಕೊರತೆಯಿರಲಿಲ್ಲ. ಶಾಂತಿಗಾಗಿ ನೆಹರೂ ಮಾಡುತ್ತಿದ್ದ ಪ್ರಯತ್ನಗಳಿಗೆ ಮೊದಲು ವಂದನೆ ಹೇಳಿದರು. ಆಮೇಲೆ ವಿಷಯಕ್ಕೆ ಬಂದರು. ಅಮೆರಿಕದ ಸೇನೆ ೩೮ನೆಯ ಗೆರೆ ದಾಟಿದರೆ ಚೀನ ಯುದ್ಧಕ್ಕೆ ಇಳಿಯಲೇಬೇಕಾಗುವುದು. ದಕ್ಷಿಣ ಕೊರಿಯದವರು ದಾಟಿದರೆ ಅದು ಬೇರೆ ಮಾತು. ಅಮೆರಿಕದವರು ದಾಟಿದರೆ ಸುಮ್ಮನಿರುವಂತಿಲ್ಲ. ಈ ಸಂಗತಿಯನ್ನೆಲ್ಲ ಪಣಿಕ್ಕರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮನೆಗೆ ಮರಳಿದವರು ಬೆಳಗಾಗಲೆಂದು ಕಾಯಲಿಲ್ಲ. ಗೂಢಲಿಪಿಯ ತಂತಿ ಆ ರಾತ್ರಿಯೇ ದೆಹಲಿಗೆ ಹೊರಟಿತು. ದೆಹಲಿಯಿಂದಲೂ, ಪೀಕಿಂಗಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಮೂಲಕ ಲಂಡನ್ನಿನಿಂದಲೂ ಅದು ಅಕ್ಟೋಬರ್ ೩ರ ಹೊತ್ತಿಗೆ ವಾಷಿಂಗ್ಟನ್ನನ್ನು ಮುಟ್ಟಿತು.

ಕೇಳುವ ಕೆಲಸವಾಯಿತು. ಮುಟ್ಟಿಸುವ ಕೆಲಸವಾಯಿತು. ಉಳಿದದ್ದು ತೂಗುವುದು. ವಾಷಿಂಗ್ಟನ್ನಿನಲ್ಲಿ ತೂಗಿದರು, ಆದರೆ ಮಾತನ್ನು ತೂಗುವ ಬದಲು ಮಾತು ತಂದವನನ್ನು ತೂಗಿದರು. ಪಣಿಕ್ಕರ್ ಮೊದಲಿನಿಂದಲೂ ಚೀನದ ಕಮ್ಯೂನಿಸ್ಟರ ಕಡೆ ವಾಲಿದವರು, ಅವರ ಮಾತನ್ನು ನಿಷ್ಪಕ್ಷಪಾತಿಯ ಮಾತೆಂದು ಹಿಡಿಯಲಾಗದು ಎಂಬುದು ಅಧ್ಯಕ್ಷ ಟ್ರೂಮನರ ಎಣಿಕೆ. ಅವರೇ ಮುಂದೆ ತಮ್ಮ ನೆನಪುಗಳಲ್ಲಿ ಹಾಗೆಂದು ಬರೆದರು. ಇದು ಬರಿಯ ಬೆದರಿಕೆ, ವಿಶ್ವಸಂಸ್ಥೆಯಲ್ಲಿ ಮತ ಬೀಳುವ ಹೊತ್ತಿಗೆ ಹೂಡಿದ ಆಟ ಎಂದು ಅಲ್ಲಿನವರು ಬಗೆದರು. ಅಕ್ಟೋಬರ್ ೭ರಂದು ಮಹಾಸಭೆ ೪೭ ಮತಗಳಿಂದ, ಕೊರಿಯಾದುದ್ದಕ್ಕೂ ಸೇನೆ ಮುಂದುವರಿಯಲು ಎಡೆಮಾಡುವ ನಿರ್ಣಯವನ್ನು ಅಂಗೀಕರಿಸಿತು. ವಿರುದ್ಧ ಬಿದ್ದವು ಐದು. ಭಾರತವೂ ಸೇರಿ ಏಳು ರಾಷ್ಟ್ರಗಳು ತಟಸ್ಥವಾಗಿ ನಿಂತವು. ಅಮೆರಿಕದ ಸೇನೆ ಗೆರೆ ದಾಟಿತು. ಅಕ್ಟೋಬರ್ ೧೫ರಂದು ವೇಕ್ ದ್ವೀಪದಲ್ಲಿ ಮೆಕಾರ್ಥರ್ ಅಧ್ಯಕ್ಷರಿಗೆ, ಚೀನ ಯುದ್ಧಕ್ಕೆ ಇಳಿಯುವ ಸಂಭವ ತೀರ ಕಡಮೆಯೆಂದು ಭರವಸೆ ಕೊಟ್ಟರು. ನಾಲ್ಕು ದಿನಗಳಲ್ಲಿ ಚೀನದ ಸೇನೆ ಸದ್ದಿಲ್ಲದೆ ಯಾಲು ನದಿ ದಾಟತೊಡಗಿತು. ನವೆಂಬರಿನ ಕೊನೆಗೆ ಅದು ಮೈಮೇಲೆ ಬಿದ್ದಾಗ ವಿಶ್ವಸಂಸ್ಥೆಯ ಪಡೆಗಳು ಹಿಂದಿರುಗಿ ಓಡಬೇಕಾಯಿತು. ೧೯೫೧ರ ಜನವರಿ ೪ರಂದು ಸಿಯೋಲ್ ನಗರ ಎರಡನೆಯ ಸಲ ಕೈತಪ್ಪಿತು.

ಯುದ್ಧ ನಿಂತದ್ದು ೧೯೫೩ರ ಜುಲೈ ೨೭ರಂದು. ನಿಂತದ್ದೂ ಹೆಚ್ಚು ಕಡಮೆ ಹೊರಟ ಗೆರೆಯ ಬಳಿಯಲ್ಲೇ. ಕಾಳಗದಲ್ಲಿ ಸತ್ತ ಅಮೆರಿಕದ ಸೈನಿಕರೇ ೩೩,೦೦೦ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮಂದಿ ಸತ್ತದ್ದು ಆ ನಡುರಾತ್ರಿಯ ಕರೆಯ ನಂತರ. ಕೊರಿಯದ ಮತ್ತು ಚೀನದ ಜನರಲ್ಲಿ ಸತ್ತವರ ಲೆಕ್ಕ ಲಕ್ಷ ಲಕ್ಷ. ಆ ಮಾತನ್ನು ಕೇಳಿದ್ದರೆ ಇದೆಲ್ಲ ತಪ್ಪುತ್ತಿತ್ತೆಂದು ಆಣೆ ಇಡಲು ಬರುವುದಿಲ್ಲ. ಮುಂದೆ ಬೆಳಕಿಗೆ ಬಂದ ಚೀನ ರಷ್ಯಗಳ ಕಡತಗಳನ್ನು ನೋಡಿದವರು, ಆ ದಿನಗಳಲ್ಲಿ ಪೀಕಿಂಗಿನಲ್ಲೇ ವಾದವಿವಾದ ನಡೆದಿತ್ತೆಂದೂ ಕೊನೆಯ ತೀರ್ಮಾನ ಆಮೇಲೆ ಆಯಿತೆಂದೂ ಹೇಳುತ್ತಾರೆ. ಆದರೆ ಇಷ್ಟು ನಿಶ್ಚಯ: ಚೌ ಆಡಿದ್ದು ಪೊಳ್ಳು ಮಾತಲ್ಲ, ಪಣಿಕ್ಕರ್ ಅದನ್ನು ಕೇಳಿದಂತೆಯೇ ಮುಟ್ಟಿಸಿದರು, ಮುಟ್ಟಿದ ಮಾತಿಗೆ ಬೆಲೆ ಕಟ್ಟುವುದರಲ್ಲಿ ವಾಷಿಂಗ್ಟನ್ ತಪ್ಪಿತು.

ಹಾಗಾದರೆ ನಮ್ಮವರೇ ಜಾಣರು, ಅವರೇ ಹೆಡ್ಡರು ಎಂದು ನೀವು ತೀರ್ಮಾನಿಸುವ ಮುನ್ನ ಇನ್ನೊಂದು ಸಂಗತಿ ಕೇಳಿ. ಅದೇ ೧೯೫೦ರ ಅದೇ ಅಕ್ಟೋಬರಿನಲ್ಲಿ ಚೀನದ ಇನ್ನೊಂದು ಸೇನೆ ಟಿಬೆಟ್ಟಿನೊಳಕ್ಕೆ ನಡೆಯಿತು. ಟಿಬೆಟ್ಟಿನ ಪ್ರಶ್ನೆ ಮಾತುಕತೆಯಿಂದ ಬಗೆಹರಿಯುವುದೆಂದು ದೆಹಲಿ ನಂಬಿತ್ತು. ಅಕ್ಟೋಬರ್ ೨೬ರಂದು ಪ್ರತಿಭಟನೆಯ ಪತ್ರ ಬರೆಯಬೇಕಾಯಿತು. ನವೆಂಬರ್ ೭ರಂದು ಸರ್ದಾರ್ ವಲ್ಲಭಭಾಯಿ ಪಟೇಲರು ನೆಹರೂ ಅವರಿಗೆ ಒಂದು ದೀರ್ಘ ಪತ್ರ ಬರೆದರು. ಚೀನದ ನಡವಳಿಕೆಗೆ ಏನಾದರೊಂದು ಸಮರ್ಥನೆ ಹುಡುಕಲು ನಮ್ಮ ರಾಯಭಾರಿ ಬಹಳ ಶ್ರಮಪಟ್ಟಿದ್ದಾರೆಂಬ ಆಕ್ಷೇಪ ಅದರಲ್ಲಿತ್ತು. ಬಡಗಣ ಗಡಿಯ ಬಗೆಗೆ ಎಚ್ಚರಿಕೆಯೂ ಇತ್ತು. ೧೯೬೨ರಲ್ಲಿ ಚೀನದ ದಾಳಿ ನಡೆದ ಮೇಲೆ ಆ ಪತ್ರದ ಮಾತುಗಳು ಅನೇಕರಿಗೆ ಮತ್ತೆ ನೆನಪಾದವು. ಕೊರಿಯದ ವಿಷಯದಲ್ಲಿ ಸರಿಯಾಗಿ ಕೇಳಿದ ಕಿವಿಯೇ ಟಿಬೆಟ್ಟಿನ ವಿಷಯದಲ್ಲಿ ತನಗೆ ಹಿತವಾದದ್ದನ್ನೇ ಹೆಚ್ಚಾಗಿ ಕೇಳಿತೆಂಬ ಟೀಕೆಗೆ ಒಳಗಾಯಿತು.

ಈ ಎರಡನ್ನೂ ಒಟ್ಟಿಗಿಟ್ಟು ನೋಡಿ. ತಂದವನ ಮೇಲೆ ಅಪನಂಬಿಕೆಯಿದ್ದುದರಿಂದ ವಾಷಿಂಗ್ಟನ್ ನಿಜವಾದ ಮಾತನ್ನು ತಳ್ಳಿತು. ಆಡಿದವನ ಮೇಲೆ ವಿಶ್ವಾಸವಿದ್ದುದರಿಂದ ದೆಹಲಿ ಸಾಲದ ಮಾತನ್ನು ಒಪ್ಪಿತು. ಎರಡರಲ್ಲೂ ದೋಷ ಒಂದೇ. ಮಾತಿನ ಬದಲು ಮುಖ ನೋಡಿದ್ದು. “ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇದಕ್ಕಾಗಿಯೇ ವಿದೇಶಾಂಗ ಖಾತೆಯಲ್ಲಿ ರಾಯಭಾರಿಯೊಬ್ಬನೇ ಇರುವುದಿಲ್ಲ. ಅವನ ವರದಿಯನ್ನು ಇನ್ನೊಂದು ರಾಜಧಾನಿಯಿಂದ ಬಂದ ವರದಿಯ ಪಕ್ಕದಲ್ಲಿಟ್ಟು ಓದುವವರಿರಬೇಕು. ಹಳೆಯ ಕಡತ ತೆಗೆದು, ಇದೇ ಸರ್ಕಾರ ಹಿಂದೆ ಹೀಗೆ ಹೇಳಿ ಹೇಗೆ ನಡೆದುಕೊಂಡಿತೆಂದು ನೋಡುವವರಿರಬೇಕು. ಮಂತ್ರಿಗೆ ಹಿತವಲ್ಲದ ಟಿಪ್ಪಣಿಯನ್ನು ಅಳುಕದೆ ಬರೆಯುವವರೂ, ಅದನ್ನು ಸಿಟ್ಟಾಗದೆ ಓದುವ ಮಂತ್ರಿಯೂ ಇರಬೇಕು. ಆಗ ಮಾತ್ರ ಅದು ಖಾತೆ. ಇಲ್ಲವಾದರೆ ಬರಿಯ ಅಂಚೆಮನೆ.

ಕೊರಿಯದ ಕಥೆಗೆ ಒಂದು ಉತ್ತರಾರ್ಧವಿದೆ. ಯುದ್ಧ ನಿಲ್ಲಿಸುವ ಮಾತುಕತೆ ೧೯೫೧ರ ಜುಲೈಯಲ್ಲೇ ತೊಡಗಿತ್ತು. ಉಳಿದೆಲ್ಲ ಬಗೆಹರಿಯುತ್ತ ಬಂದು ಯುದ್ಧಖೈದಿಗಳ ಪ್ರಶ್ನೆಯೊಂದರಲ್ಲಿ ಸಂಧಾನ ಸಿಕ್ಕಿಕೊಂಡಿತು. ಖೈದಿಗಳನ್ನೆಲ್ಲ ಅವರವರ ದೇಶಕ್ಕೆ ಕಳುಹಿಸಬೇಕೆಂದು ಒಂದು ಕಡೆಯವರು. ಹೋಗಲೊಲ್ಲದವರನ್ನು ಬಲವಂತದಿಂದ ಕಳುಹಿಸಲಾರೆವೆಂದು ಇನ್ನೊಂದು ಕಡೆಯವರು. ಈ ಒಂದು ಗಂಟಿಗಾಗಿ ವರ್ಷಕ್ಕೂ ಹೆಚ್ಚು ಕಾಲ ಸೈನಿಕರು ಸಾಯುತ್ತಲೇ ಇದ್ದರು. ೧೯೫೨ರ ಕೊನೆಯಲ್ಲಿ ಭಾರತ ಒಂದು ನಡುದಾರಿಯನ್ನು ಸೂಚಿಸಿತು: ಖೈದಿಗಳ ವಿಷಯವನ್ನು ಎರಡು ಕಡೆಗೂ ಸೇರದ ರಾಷ್ಟ್ರಗಳ ಮಂಡಲಿಗೆ ಒಪ್ಪಿಸಬೇಕು, ಬಲವಂತ ಕೂಡದು. ಡಿಸೆಂಬರ್ ೩ರಂದು ಮಹಾಸಭೆ ಅದನ್ನು ೫೪ ಮತಗಳಿಂದ ಒಪ್ಪಿತು. ರಷ್ಯ ಬೇಡವೆಂದಿತು, ಚೀನ ತಿರಸ್ಕರಿಸಿತು. ಕೆಲಸ ಕೆಟ್ಟಿತೆಂದೇ ಎಲ್ಲರೂ ತಿಳಿದರು. ಆದರೆ ೧೯೫೩ರ ಮಾರ್ಚಿನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಹವೆ ಬದಲಾಯಿತು. ಜೂನ್ ೮ರಂದು ಎರಡು ಕಡೆಯವರೂ ರುಜು ಹಾಕಿದ ಏರ್ಪಾಟಿನ ಎಲುಬು ಭಾರತದ ಆ ಸೂಚನೆಯೇ. ಸರಿಯಾದ ಮಾತು ಒಪ್ಪಿಗೆಯಾಗದೆ ಬಿದ್ದಿದ್ದರೂ ಹೊತ್ತು ಬಂದಾಗ ಕೈಗೆ ಸಿಗುವಂತೆ ಬರೆದಿಡುವುದೂ ಈ ಖಾತೆಯ ಕೆಲಸ.

ತಟಸ್ಥ ರಾಷ್ಟ್ರಗಳ ಆ ಮಂಡಲಿಯಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ, ಭಾರತ ಇದ್ದವು. ಅಧ್ಯಕ್ಷತೆ ಭಾರತದ್ದು, ಖೈದಿಗಳನ್ನು ಕಾಯುವ ಸೈನ್ಯವೂ ಭಾರತದ್ದೇ. ಅಧ್ಯಕ್ಷರಾಗಿ ಹೋದವರು ೧೯೦೬ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯನವರು. ಕಾವಲುಪಡೆಯ ನಾಯಕರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್ಮನ್ ರೀ ಅವರಿಗೆ ಭಾರತದ ಮೇಲೆ ಎಷ್ಟು ಕೋಪವೆಂದರೆ, ನಮ್ಮ ಸಿಪಾಯಿಗಳು ತಮ್ಮ ನೆಲ ತುಳಿಯಕೂಡದೆಂದರು. ಅದಕ್ಕೆ ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಅವರನ್ನು ಸೇನೆಯಿಲ್ಲದ ನಡುವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಅವರ ವಶಕ್ಕೆ ಬಂದವರು ಒಂದು ಕಡೆಯ ೨೨,೦೦೦ಕ್ಕೂ ಹೆಚ್ಚು ಖೈದಿಗಳು, ಇನ್ನೊಂದು ಕಡೆಯ ಸುಮಾರು ೩೫೦ ಮಂದಿ. ಬಿಡಾರಗಳೊಳಗೆ ಗುಂಪುಗಾರಿಕೆ, ಕಲ್ಲೆಸೆತ, ಕೂಗಾಟ. ಒಮ್ಮೆ ಖೈದಿಗಳು ನಮ್ಮ ಅಧಿಕಾರಿಯೊಬ್ಬರನ್ನೇ ಹಿಡಿದಿಟ್ಟಾಗ ಥೋರಾಟರು ತಾವೇ ಒಳಹೊಕ್ಕು, ಮಾತಾಡಿ, ಬಿಡಿಸಿಕೊಂಡು ಬಂದರು. ಎರಡು ಕಡೆಯವರ ಬೈಗುಳವನ್ನೂ ತಿಂದು, ಯಾರನ್ನೂ ಬಲವಂತದಿಂದ ಎಲ್ಲಿಗೂ ಅಟ್ಟದೆ, ೧೯೫೪ರ ಜನವರಿಯಲ್ಲಿ ತಿಮ್ಮಯ್ಯನವರು ಖೈದಿಗಳನ್ನು ತಂದೊಪ್ಪಿಸಿದವರಿಗೇ ಮರಳಿಸಿದರು. ಯಾವ ಕಡೆಗೂ ಹೋಗಲೊಲ್ಲದ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ನಮ್ಮವರು ಭಾರತಕ್ಕೆ ಕರೆತಂದರು. ತಿಮ್ಮಯ್ಯನವರು ಮುಂದೆ ಭೂಸೇನೆಯ ಮುಖ್ಯಸ್ಥರಾಗಿ, ೧೯೬೫ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿರುವಾಗಲೇ ತೀರಿಕೊಂಡರು. ಮಡಿಕೇರಿಯಲ್ಲಿ ಅವರಿದ್ದ ಮನೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಆ ಕಡೆ ಹೋದರೆ ನೋಡಿಬನ್ನಿ.

ಬೆನೆಗಲ್ ನರಸಿಂಗ ರಾಯರು ಇದರ ಪೂರ್ಣಾಹುತಿಯನ್ನು ಕಾಣಲಿಲ್ಲ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಅವರು ೧೯೫೩ರ ನವೆಂಬರಿನಲ್ಲಿ ಕಾಲವಾದರು. ಮಂಗಳೂರಿನ ಒಬ್ಬರು ಯುದ್ಧದ ಮೊದಲ ದಿನ ಜಗತ್ತಿನ ಸಭೆಯ ಪೀಠದಲ್ಲಿದ್ದರು. ಮಡಿಕೇರಿಯ ಒಬ್ಬರು ಅದರ ಕೊನೆಯ ಗಂಟು ಬಿಚ್ಚಿದರು. ಒಂದು ಕಾಲಕ್ಕೆ ಪರದೇಶಕ್ಕೆ ಕಾಗದ ಬರೆಯಲೂ ಕಂಪೆನಿಯ ಅಪ್ಪಣೆ ಬೇಕಾಗಿದ್ದ ನಾಡುಗಳ ಮಕ್ಕಳು ಇವರು ಎಂಬುದನ್ನು ಮರೆಯದಿರೋಣ.

ಇನ್ನು ಮುಂದೆ ವಾರ್ತೆಯಲ್ಲಿ “ವಿದೇಶಾಂಗ ಖಾತೆಯ ವಕ್ತಾರರು ತಿಳಿಸಿದರು” ಎಂಬ ಮಾತು ಬಂದಾಗ ಒಂದು ಗಳಿಗೆ ನಿಲ್ಲಿ. ವಕ್ತಾರರು ಆಡುವುದು ಕೊನೆಯ ಮಾತು. ಅದರ ಹಿಂದೆ ಯಾವುದೋ ದೂರದ ಊರಿನಲ್ಲಿ ಯಾರೋ ಒಬ್ಬರನ್ನು ನಡುರಾತ್ರಿಯಲ್ಲಿ ಎಬ್ಬಿಸಿರಬಹುದು. ಅವರು ಕೇಳಿದ್ದನ್ನು ಕೇಳಿದಂತೆ ಬರೆದರೇ? ಬರೆದದ್ದನ್ನು ಇಲ್ಲಿನವರು ಓದಿದರೇ? ಓದಿದ್ದನ್ನು, ತಂದವನ ಮುಖ ನೋಡದೆ, ತೂಗಿದರೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸರಿಯಿದ್ದರೆ ವಾರ್ತೆ ಮುಗಿಸಿ ನೀವು ನೆಮ್ಮದಿಯಿಂದ ಊಟಕ್ಕೆ ಏಳಬಹುದು.